ಕವಚ ತೊಟ್ಟ ಮೀನು ನಮ್ಮ ಹಳ್ಳಗಳಿಗೆ ಬಾರದಿರಲಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೆಸರುಗಳು ಕಿವಿಗೆ ಬೀಳದ ಮನೆ ಇಂದು ಮಲೆನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಕಂಪ್ಯೂಟರ್ ಕಲಿತ ಮಕ್ಕಳು ಮೊದಲೆರಡು ಊರುಗಳಿಗೂ, ಐ.ಟಿ.ಐ. ಮುಗಿಸಿದವರು ಪೀಣ್ಯದ ಕಾರ್ಖಾನೆಗಳಿಗೂ ಹೋಗಿ ನೆಲೆಸಿದ್ದಾರೆ. ಹಬ್ಬಕ್ಕೆ, ಗದ್ದೆ ನೆಟ್ಟಿಗೆ, ಅಡಿಕೆ ಕೊಯ್ಲಿಗೆ ಅವರು ಊರಿಗೆ ಬರುತ್ತಾರೆ. ಬರುವಾಗ ನಗರದ ವಸ್ತುಗಳನ್ನೂ ಅಭ್ಯಾಸಗಳನ್ನೂ ಜೊತೆಗೆ ತರುತ್ತಾರೆ. ಹಾಗೆ ಬರಬಹುದಾದವುಗಳ ಪೈಕಿ ಒಂದು ಜೀವಿಯ ಬಗ್ಗೆ ನಾವು ಈಗಲೇ ಎಚ್ಚರ ವಹಿಸಬೇಕಾಗಿದೆ. ಅದು ಬೆರಳುದ್ದದ ಒಂದು ಮೀನು. ಬೆಂಗಳೂರಿನ ಕೆರೆಗಳಲ್ಲಿ ಅದು ಈಗಾಗಲೇ ನೆಲೆ ಕಂಡುಕೊಂಡಿದೆ. ಅದಕ್ಕೆ ಆ ನೆಲೆಯನ್ನು ಒದಗಿಸಿಕೊಟ್ಟವರು ಮನುಷ್ಯರೇ ಎಂಬುದು ಈ ಲೇಖನದ ವಾದ.

ಅಲಂಕಾರಿಕ ಮೀನುಗಳ ಅಂಗಡಿಯವರು ಇದನ್ನು ‘ಸಕ್ಕರ್ ಮೀನು’ ಅಥವಾ ‘ಕ್ಲೀನರ್’ ಎಂದು ಕರೆಯುತ್ತಾರೆ. ವಿಜ್ಞಾನಿಗಳು ಇಟ್ಟ ಕುಲನಾಮ ಟೆರಿಗೊಪ್ಲಿಕ್ತಿಸ್. ಮೀಸೆಮೀನುಗಳ ಬಳಗಕ್ಕೆ ಸೇರಿದ್ದರೂ ನಮ್ಮ ಮುರುಗೋಡಿನಂತೆ ಇದರ ಮೈ ನುಣುಪಾಗಿಲ್ಲ. ತಲೆಯಿಂದ ಬಾಲದವರೆಗೆ ಸಾಲುಸಾಲಾಗಿ ಜೋಡಿಸಿದ ಎಲುಬಿನ ಬಿಲ್ಲೆಗಳು ಇದರ ಮೈಯನ್ನು ಹೊದ್ದಿವೆ. ಹೊಟ್ಟೆಯ ಭಾಗ ಮಾತ್ರ ಚಪ್ಪಟೆ. ಬಾಯಿ ತಲೆಯ ಕೆಳಗಿದ್ದು ಬಟ್ಟಲಿನ ಆಕಾರದಲ್ಲಿದೆ. ಆ ಬಾಯಿಯಿಂದ ಗಾಜಿಗೋ ಕಲ್ಲಿಗೋ ಅಂಟಿಕೊಂಡು, ಅಲ್ಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಬೆನ್ನಿನ ರೆಕ್ಕೆ ಹಾಯಿಪಟದಂತೆ ಎತ್ತರವಾಗಿ ನಿಲ್ಲುತ್ತದೆ. ಎದೆಯ ರೆಕ್ಕೆಗಳ ಮುಂಚೂಣಿಯಲ್ಲಿ ಗಟ್ಟಿಯಾದ ಮುಳ್ಳುಗಳಿವೆ. ಅದೇ ಅಂಗಡಿಗಳಲ್ಲಿ ಕೋರಿಡೋರಸ್ ಎಂಬ ಇನ್ನೊಂದು ಕವಚದ ಮೀನೂ ಸಿಗುತ್ತದೆ. ಅದು ಎರಡು ಮೂರು ಅಂಗುಲ ಬೆಳೆದು ನಿಲ್ಲುವ ಸಾಧು ಜೀವಿ. ಸಕ್ಕರ್ ಮೀನಾದರೋ ಅಂಗಡಿಯಲ್ಲಿ ಎರಡಂಗುಲ ಇದ್ದದ್ದು ಕೆಲವೇ ವರ್ಷಗಳಲ್ಲಿ ಒಂದೂವರೆ ಅಡಿಗೆ ಬೆಳೆಯಬಲ್ಲದು.

ಇದರ ಮೂಲನೆಲೆ ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮೊದಲಾದ ಮಹಾನದಿಗಳ ಜಲಾನಯನ ಪ್ರದೇಶ. ಅಲ್ಲಿ ಮಳೆಗಾಲದಲ್ಲಿ ನದಿ ಉಕ್ಕಿ ಕಾಡಿನೊಳಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ನೀರು ಸರಿದು ಉಳಿದ ಗುಂಡಿಗಳಲ್ಲಿ ಪ್ರಾಣವಾಯುವಿನ ಅಂಶ ತೀರ ಕಡಿಮೆಯಾಗುತ್ತದೆ. ಅಂತಹ ಸ್ಥಿತಿಯಲ್ಲಿ ಬದುಕಲು ಪ್ರಕೃತಿ ಈ ಮೀನಿಗೆ ಒಂದು ಉಪಾಯವನ್ನು ಕಲಿಸಿದೆ. ಅದು ನೀರಿನ ಮೇಲೆ ಬಂದು ಗಾಳಿಯನ್ನು ನುಂಗುತ್ತದೆ. ಜಠರದ ಗೋಡೆಯ ಮೂಲಕವೇ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ನೀರಿನಿಂದ ಹೊರಗೂ ಹಲವು ಗಂಟೆಗಳ ಕಾಲ ಜೀವ ಹಿಡಿದಿರುತ್ತದೆ. ಅಲ್ಲಿ ಇದನ್ನು ತಿನ್ನಲು ಮೊಸಳೆಯ ಬಳಗದ ಕೈಮನ್‌ಗಳಿವೆ, ದೊಡ್ಡ ಮೀನುಗಳಿವೆ, ನೀರುನಾಯಿಗಳಿವೆ, ಮನುಷ್ಯರೂ ಇದ್ದಾರೆ. ಬ್ರೆಜಿಲ್ ದೇಶದ ಮನೌಸ್ ನಗರದ ಮೀನುಪೇಟೆಯಲ್ಲಿ ಇದು ಜೀವಂತವಾಗಿ ಮಾರಾಟವಾಗುವ ಆಹಾರ. ತನ್ನ ನೆಲೆಯಲ್ಲಿ ಅದು ಹಿಡಿತ ಮೀರದೆ, ಎಲ್ಲ ಜೀವಿಗಳಂತೆ ಬದುಕಿಕೊಂಡಿದೆ. ಆದ್ದರಿಂದ ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ರಾಕ್ಷಸ ಮೀನು’ ಎಂಬ ಬಿರುದು ಇದಕ್ಕೆ ಸಲ್ಲದು.

ಗಾಜಿನ ತೊಟ್ಟಿಯಿಂದ ಕೆರೆಗೆ

ಮೀನು ಸಾಗರ ದಾಟಿ ಬಂದದ್ದು ಅಲಂಕಾರಿಕ ಮೀನಿನ ವ್ಯಾಪಾರದ ಮೂಲಕ. ತೊಟ್ಟಿಯ ಗಾಜಿಗೆ ಕಟ್ಟುವ ಪಾಚಿಯನ್ನು ಇದು ತಿಂದು ಸ್ವಚ್ಛಗೊಳಿಸುತ್ತದೆ ಎಂಬ ಕಾರಣಕ್ಕೆ ಎಲ್ಲೆಡೆ ಬೇಡಿಕೆ ಬಂದಿತು. ಈಗ ನಮ್ಮ ದೇಶದಲ್ಲಿಯೇ ಮರಿ ಮಾಡಿಸಿ ಮಾರಲಾಗುತ್ತಿದೆ. ವರ್ಷವೊಂದು ಕಳೆಯುವಷ್ಟರಲ್ಲಿ ತೊಟ್ಟಿ ಇದಕ್ಕೆ ಸಾಲದಾಗುತ್ತದೆ. ಗಿಡಗಳನ್ನು ಕಿತ್ತು, ಜಲ್ಲಿಯನ್ನು ಕೆದರಿ ತೊಟ್ಟಿಯನ್ನು ರಾಡಿ ಮಾಡುತ್ತದೆ. ಇದೇ ವೇಳೆಗೆ ಬಾಡಿಗೆ ಮನೆ ಬದಲಾಗುತ್ತದೆ, ಇಲ್ಲವೇ ಕೆಲಸ ಬೇರೆ ಊರಿಗೆ ವರ್ಗವಾಗುತ್ತದೆ. ಕೊಂದುಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಹತ್ತಿರದ ಕೆರೆಗೆ ಬಿಟ್ಟು, ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆವೆಂಬ ಸಮಾಧಾನದಿಂದ ಮನೆಗೆ ಮರಳುತ್ತಾರೆ. ಒಂದು ಮನೆಯ ಒಂದು ಮೀನು ಸಂತತಿ ಬೆಳೆಸಲಾರದು ನಿಜ. ಆದರೆ ಸಾವಿರಾರು ಮನೆಗಳಿರುವ ನಗರದಲ್ಲಿ ಹಲವರು ಒಂದೇ ಕೆರೆಯ ದಂಡೆಗೆ ಬಂದು ಇದೇ ಕೆಲಸವನ್ನು ಮಾಡಿದರೆ ಗಂಡೂ ಹೆಣ್ಣೂ ಕೂಡಲು ತಡವಾಗುವುದಿಲ್ಲ.

ಇಲ್ಲಿ ಬೆಂಗಳೂರಿನ ಕೆರೆಗಳ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಅಲ್ಲಿ ದೊಡ್ಡ ನದಿಯಿಲ್ಲ. ಅಲ್ಲಿನ ಕೆರೆಗಳೆಲ್ಲ ನಮ್ಮ ಪೂರ್ವಿಕರು ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದವು. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆ ತುಂಬುತ್ತಿತ್ತು. ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಾಯಿಸಲು ನೀರುಗಂಟಿ ಇರುತ್ತಿದ್ದನು. ಬೇಸಿಗೆಯ ಕೊನೆಗೆ ಕೆರೆಯ ನೀರು ತಳ ಮುಟ್ಟುತ್ತಿತ್ತು. ಅನೇಕ ಕೆರೆಗಳು ಪೂರ್ತಿ ಒಣಗುತ್ತಿದ್ದವು. ರೈತರು ಗಾಡಿ ಕಟ್ಟಿ ಹೂಳನ್ನು ಹೊಲಕ್ಕೆ ಸಾಗಿಸುತ್ತಿದ್ದರು. ಹೀಗೆ ತುಂಬುವುದು, ಬರಿದಾಗುವುದು ಎರಡೂ ಕೆರೆಯ ಆರೋಗ್ಯದ ಲಕ್ಷಣಗಳಾಗಿದ್ದವು. ನಮ್ಮ ನಾಡಿನ ಕೊರವ, ಮುರುಗೋಡು ಮೊದಲಾದ ಮೀನುಗಳು ಈ ಏರಿಳಿತಕ್ಕೆ ಹೊಂದಿಕೊಂಡೇ ಬೆಳೆದವು. ವರ್ಷವಿಡೀ ನೀರು ಬೇಡುವ ಪರದೇಶಿ ಮೀನೊಂದು ಅಂದು ಬಂದಿದ್ದರೆ, ಮೊದಲ ಬರಗಾಲದಲ್ಲಿಯೇ ಮುಗಿದುಹೋಗುತ್ತಿತ್ತು.

ಇಂದಿನ ಸ್ಥಿತಿ ಬೇರೆ. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲು ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿಗೆ ತಂತ್ರಜ್ಞಾನ ಪಾರ್ಕು ಬಂದಿತು. ಕಟ್ಟಡಗಳು ಎದ್ದ ವೇಗದಲ್ಲಿ ಒಳಚರಂಡಿ ಬರಲಿಲ್ಲ. ರಾಜಕಾಲುವೆಗಳು ಕೊಳಚೆಯ ಕಾಲುವೆಗಳಾದವು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನಗರದ ದೊಡ್ಡ ಪಾಲಿನ ಕೊಳಚೆಗೆ ಮಡುವಾಯಿತು. 2015ರಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಂದ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡಿದ್ದೇವೆ. ಅದೇ ವರ್ಷ, ಮತ್ತೆ 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿಯೇ ಹೊತ್ತಿಕೊಂಡಿತು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ರಾಜ್ಯ ಸರಕಾರಕ್ಕೆ ದಂಡ ವಿಧಿಸಿತು. ಆ ಬಳಿಕ ಹೂಳೆತ್ತುವ ಕೆಲಸ ಆರಂಭವಾಯಿತು. ಪೀಣ್ಯದಲ್ಲಿ ಅಂತರ್ಜಲಕ್ಕೇ ಕ್ರೋಮಿಯಂ ಸೇರಿಕೊಂಡಿದೆ. ಆ ಕಡೆಯ ಕೊಳಚೆಯ ಒಂದು ಪಾಲು ವೃಷಭಾವತಿಗೆ ಇಳಿದು ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಕಪ್ಪಾಗಿಸಿದೆ.

ಕೊಳಚೆ ಬಂದು ಸೇರುವ ಕೆರೆ ಬೇಸಿಗೆಯಲ್ಲೂ ಬತ್ತುವುದಿಲ್ಲ. ಅದರ ನೀರಿನಲ್ಲಿ ಸಾರಜನಕ, ರಂಜಕಗಳು ತುಂಬಿರುತ್ತವೆ. ಪಾಚಿ ಹುಲುಸಾಗಿ ಬೆಳೆಯುತ್ತದೆ. ತಳದಲ್ಲಿ ಕೊಳೆತ ಕೆಸರು ನಿಲ್ಲುತ್ತದೆ. ಪಾಚಿ ಕೊಳೆಯುವಾಗ ಪ್ರಾಣವಾಯು ಕುಸಿದು ಸಾಮಾನ್ಯ ಮೀನುಗಳು ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನುಗಳು ತೇಲಿದ್ದು ನೆನಪಿರಬಹುದು. ಇಂತಹ ನೀರಿನಲ್ಲಿ ಬದುಕಬಲ್ಲ ಮೀನಿಗೆ ಯಾವ ಗುಣಗಳಿರಬೇಕು? ಅದು ಗಾಳಿಯನ್ನು ನುಂಗಿ ಉಸಿರಾಡಬೇಕು, ಪಾಚಿ ಕೆಸರುಗಳನ್ನು ತಿನ್ನಬೇಕು, ಹಕ್ಕಿಗಳಿಗೆ ಸುಲಭದ ತುತ್ತಾಗಬಾರದು. ಅಮೆಜಾನಿನ ಬೇಸಿಗೆಯ ಗುಂಡಿಗಳಲ್ಲಿ ಈ ಪರೀಕ್ಷೆಯನ್ನೆಲ್ಲ ಪಾಸು ಮಾಡಿ ಬಂದ ಮೀನು ಸಕ್ಕರ್ ಮೀನು. ನಾಡಮೀನುಗಳಿಗೆ ನರಕವಾದ ಕೆರೆ ಇದಕ್ಕೆ ನೆಲೆಯಾದದ್ದರಲ್ಲಿ ಸೋಜಿಗವೇನೂ ಇಲ್ಲ. 2022ರ ಮಳೆಗಾಲದಲ್ಲಿ ಬೆಳ್ಳಂದೂರು, ಮಹದೇವಪುರ ಭಾಗದಲ್ಲಿ ರಸ್ತೆಗಳೇ ಹೊಳೆಗಳಾಗಿ, ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಬೇಕಾಯಿತು. ಅಂತಹ ನೆರೆಯಲ್ಲಿ ಕೆರೆ ಕೆರೆಗಳ ನಡುವಿನ ಗಡಿ ಅಳಿಸಿಹೋಗುತ್ತದೆ. ಒಂದು ಕೆರೆಯಲ್ಲಿದ್ದುದು ಹತ್ತು ಕೆರೆಗೆ ಹರಡಲು ಒಂದು ರಾತ್ರಿ ಸಾಕು.

ಆಗುವ ಹಾನಿ ಯಾವುದು?

ಮೊದಲನೆಯದು ದಂಡೆಗೆ. ಈ ಜಾತಿಯ ಗಂಡು ಮೀನು ನೀರಿನ ಅಂಚಿನ ಮಣ್ಣಿನಲ್ಲಿ ಸುಮಾರು ಒಂದು ಮೀಟರ್‌ವರೆಗೆ ಬಿಲ ತೋಡುತ್ತದೆ. ಹೆಣ್ಣು ಅದರೊಳಗೆ ಮೊಟ್ಟೆಯಿಡುತ್ತದೆ. ಮರಿಯಾಗುವವರೆಗೆ ಗಂಡು ಕಾವಲಿರುತ್ತದೆ. ಕಾವಲಿರುವುದರಿಂದ ಹೆಚ್ಚು ಮರಿಗಳು ಉಳಿಯುತ್ತವೆ. ಒಂದೇ ದಂಡೆಯಲ್ಲಿ ಅಕ್ಕಪಕ್ಕ ಹತ್ತಾರು ಬಿಲಗಳು ತೋಡಲ್ಪಟ್ಟು, ನೀರು ಇಳಿದಾಗ ಮಣ್ಣು ಕುಸಿಯುವುದನ್ನು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕಂಡಿದ್ದಾರೆ. ನಮ್ಮ ಕೆರೆಗಳ ಏರಿಗಳಾದರೋ ಬಹುಪಾಲು ಮಣ್ಣಿನವು. ಏಡಿ, ಹೆಗ್ಗಣಗಳ ಬಿಲದಿಂದಲೇ ಗದ್ದೆಯ ಬದು ಒಡೆಯುವುದನ್ನು ಕಂಡ ಮಲೆನಾಡಿನ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಮೀನುಗಾರರಿಗೆ. ಇದರ ಮುಳ್ಳು, ಬಿಲ್ಲೆಗಳಿಗೆ ಸಿಕ್ಕಿ ಬಲೆ ಹರಿಯುತ್ತದೆ. ಬಿಡಿಸುವಾಗ ಕೈ ಗೀರುತ್ತದೆ. ಪೇಟೆಯಲ್ಲಿ ಇದನ್ನು ಕೊಳ್ಳುವವರಿಲ್ಲ. ಮೆಕ್ಸಿಕೋ ದೇಶದ ಇನ್‌ಫಿಯೆರ್ನಿಯೊ ಜಲಾಶಯದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಸಕ್ಕರ್ ಮೀನು ತುಂಬಿಕೊಂಡು, ಅಲ್ಲಿನ ಸಾವಿರಾರು ಮೀನುಗಾರರ ಬದುಕು ಅಡಿಮೇಲಾಯಿತು. ನಮ್ಮ ದೇಶದಲ್ಲಿಯೂ ಕೋಲ್ಕತ್ತದ ಪೂರ್ವಭಾಗದ ಜೌಗು ನೆಲ, ಕೇರಳ, ಆಂಧ್ರ, ತಮಿಳುನಾಡುಗಳಿಂದ ಇದರ ವರದಿಗಳು ಬಂದಿವೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಇದು ಬಲೆಗೆ ಬಿದ್ದಿತು.

ಮೂರನೆಯದು ಆಹಾರ ಸರಪಳಿಗೆ. ಪಾಚಿಯನ್ನೂ ತಳದ ಕೆಸರನ್ನೂ ಇದು ಮುಗಿಸಿದರೆ, ಅವನ್ನೇ ನಂಬಿದ ಹುಳು, ಬಸವನಹುಳು, ನಾಡಮೀನಿನ ಮರಿಗಳಿಗೆ ಆಹಾರ ಕುಗ್ಗುತ್ತದೆ. ತಳಕ್ಕೆ ಅಂಟಿದ ಬೇರೆ ಮೀನುಗಳ ಮೊಟ್ಟೆಗಳೂ ಕೆಸರಿನೊಂದಿಗೆ ಇದರ ಹೊಟ್ಟೆ ಸೇರುತ್ತವೆ. ಸಾಮಾನ್ಯವಾಗಿ ಹೆಚ್ಚಿದ ಮೀನನ್ನು ಹಕ್ಕಿಗಳು ತಿಂದು ಸಮತೋಲ ತರುತ್ತವೆ. ಆದರೆ ಇದನ್ನು ನುಂಗಲು ಹೋದ ಹೆಜ್ಜಾರ್ಲೆಗಳು ಗಂಟಲಿಗೆ ಮುಳ್ಳು ಸಿಕ್ಕಿ ಸತ್ತ ನಿದರ್ಶನಗಳು ಕೆರಿಬಿಯನ್ ದ್ವೀಪಗಳಿಂದ ದಾಖಲಾಗಿವೆ. ಇನ್ನು ‘ಹಿಡಿದು ತಿಂದರಾಯಿತಲ್ಲ’ ಎನ್ನುವವರೂ ಇದ್ದಾರೆ. ಶುದ್ಧ ನದಿಯಲ್ಲಿ ಹಿಡಿದುದಾದರೆ ಅಡ್ಡಿಯಿಲ್ಲ. ಕಾರ್ಖಾನೆಗಳ ಕೊಳಚೆ ಸೇರಿದ ಕೆರೆಯ ತಳವನ್ನು ನೆಕ್ಕಿ ಬೆಳೆದ ಮೀನಿನ ದೇಹದಲ್ಲಿ ಭಾರಲೋಹಗಳು ಸೇರಿರುವ ಅಪಾಯವಿದೆ; ಅದನ್ನು ಬಡವರ ತಟ್ಟೆಗೆ ಬಡಿಸುವುದು ಪರಿಹಾರವಾಗದು.

ಹೊರಗಿನಿಂದ ಬಂದವುಗಳ ಸಾಲಿನಲ್ಲಿ

ಮಲೆನಾಡಿನವರಾದ ನಮಗೆ ಈ ಕಥೆ ಹೊಸದಲ್ಲ. ಇಂದು ನಮ್ಮ ಕಾಡಂಚನ್ನೆಲ್ಲ ಮುಚ್ಚಿರುವ ಲಂಟಾನ 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಈ ದೇಶಕ್ಕೆ ತಂದ ಉದ್ಯಾನದ ಗಿಡ. ನೀರಿನಲ್ಲಿಯೂ ಹೀಗೆಯೇ ನಡೆದಿದೆ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಮೀನು ದೊರೆಯಲೆಂದು 1952ರಲ್ಲಿ ತಿಲಾಪಿಯಾ, ಅಂದರೆ ನಾವು ಜಿಲೇಬಿ ಎನ್ನುವ ಮೀನು, ಬಂದಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಿತು. ಆದರೂ ಬೆಂಗಳೂರಿನ ಸುತ್ತಮುತ್ತ ಕೋಳಿ ತ್ಯಾಜ್ಯ ಹಾಕಿ ಅದನ್ನು ಕಳ್ಳತನದಿಂದ ಸಾಕುವ ಹೊಂಡಗಳನ್ನು ಅಧಿಕಾರಿಗಳು ಮತ್ತೆ ಮತ್ತೆ ಮುಚ್ಚಿಸಬೇಕಾಗಿದೆ.

ಇವೆಲ್ಲಕ್ಕಿಂತ ನಾವು ಗಮನಿಸಬೇಕಾದುದು ಕಾವೇರಿಯ ಮಹಶೀರ್ ಮೀನಿನ ಕಥೆ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ, ಬೆನ್ನು ಗೂನಾದ, ಕಿತ್ತಳೆ ಬಣ್ಣದ ರೆಕ್ಕೆಯ ಬೃಹತ್ ಮಹಶೀರ್ ಒಂದಿದೆ. ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಗುತ್ತಿದೆಯೆಂಬ ಕಾಳಜಿಯಿಂದಲೇ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಿಂದ ಇನ್ನೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಹೊಳೆಗೆ ಬಿಡಲಾಯಿತು. ಬಿಟ್ಟವು ಹೆಚ್ಚಿದವು, ಮೂಲದ್ದು ಕುಸಿಯಿತು. ಆ ಮೂಲ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ ಎಂದು, ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯ ತೀವ್ರತಮ ವರ್ಗಕ್ಕೆ ಸೇರಿಸಲಾಯಿತು. ಒಳ್ಳೆಯ ಉದ್ದೇಶದಿಂದ, ತಜ್ಞರೇ ಬಿಟ್ಟ, ಅದೇ ಬಳಗದ ಮೀನಿನಿಂದ ಇಂತಹ ಅನಾಹುತವಾಗಬಹುದಾದರೆ, ಏನೂ ಅರಿಯದೆ ಬಿಡುವ ಅಮೆಜಾನಿನ ಮೀನಿನ ಬಗ್ಗೆ ನಾವು ಎಷ್ಟು ಎಚ್ಚರದಿಂದ ಇರಬೇಕು?

ಮಲೆನಾಡಿಗೆ ಏಕೆ ಆತಂಕ?

ಬೆಂಗಳೂರಿನ ನೀರು ಬಯಲಿಗೆ ಹರಿಯುತ್ತದೆ, ಬೆಟ್ಟಕ್ಕೆ ಏರುವುದಿಲ್ಲ ಎಂದು ಓದುಗರು ಹೇಳಬಹುದು. ಆ ಮಾತು ಸರಿಯಾಗಿದೆ. ವರ್ತೂರಿನ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ವೃಷಭಾವತಿಯ ನೀರು ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಈಜಿದರೂ ಶಿವನಸಮುದ್ರದ ಜಲಪಾತವನ್ನು ಏರಿ ಈ ಮೀನು ಕೊಡಗಿಗೆ ಬರಲಾರದು. ಆದರೆ ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಿಂದ ಹೊರಡುವ ಬಸ್ಸು ಶನಿವಾರ ಬೆಳಿಗ್ಗೆ ತೀರ್ಥಹಳ್ಳಿ, ಶೃಂಗೇರಿ, ಸಿರಸಿ, ಮಡಿಕೇರಿಗಳನ್ನು ಮುಟ್ಟುತ್ತದೆ. ನಗರದ ತೊಟ್ಟಿಯಲ್ಲಿ ಸಾಕಲಾಗದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದು, ‘ಊರಿನ ತೋಟದ ಕೆರೆಯಲ್ಲಿ ಸುಖವಾಗಿರಲಿ’ ಎಂದು ಬಿಡುವುದು ಎಷ್ಟು ಹೊತ್ತಿನ ಕೆಲಸ? ಅಲಂಕಾರಿಕ ಮೀನಿನ ಅಂಗಡಿಗಳು ಈಗ ನಮ್ಮ ಪೇಟೆಗಳಲ್ಲಿಯೂ ತೆರೆದಿವೆ. ಆದ್ದರಿಂದ ಬಸ್ಸಿನ ದಾರಿಯನ್ನೇ ಕಾಯಬೇಕೆಂದೂ ಇಲ್ಲ.

ವೇಗವಾಗಿ ಹರಿಯುವ, ಕಲ್ಲು ತುಂಬಿದ ಹಳ್ಳದಲ್ಲಿ ಇದು ಸುಲಭವಾಗಿ ನೆಲೆಯೂರಲಾರದು ಎಂಬುದು ಸಮಾಧಾನದ ಸಂಗತಿ. ನೀರು ಹತ್ತು ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ತಣ್ಣಗಾದರೆ ಇದು ಉಳಿಯುವುದಿಲ್ಲ. ಆದರೆ ನಮ್ಮ ಹೊಳೆಗಳು ಅಷ್ಟು ತಣ್ಣಗಾಗುವುದಿಲ್ಲ. ಮೇಲಾಗಿ ನಮ್ಮ ಹೊಳೆಗಳು ಎಷ್ಟು ದೂರ ಹೊಳೆಗಳಾಗಿಯೇ ಉಳಿದಿವೆ? 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿದೆ. ಭದ್ರಾ, ಹಾರಂಗಿ, ಹೇಮಾವತಿ, ಕಾಳಿ ನದಿಗಳಲ್ಲಿಯೂ ನಿಂತ ನೀರಿನ ಹರವು ದೊಡ್ಡದು. ಮಣ್ಣಿನ ದಂಡೆಯ, ನಿಧಾನ ಏರಿಳಿಯುವ ಆ ಹಿನ್ನೀರುಗಳು ಈ ಮೀನಿಗೆ ಹೇಳಿ ಮಾಡಿಸಿದಂತಹ ನೆಲೆಗಳು. ಪಟ್ಟಣಗಳ ಚರಂಡಿ ತುಂಗೆಗೋ ಭದ್ರೆಗೋ ಸೇರುವ ಕಡೆ ಪಾಚಿಗೂ ಕೊರತೆಯಿಲ್ಲ. ನಗರದ ಕೆರೆಯ ಸ್ಥಿತಿಯನ್ನು ನಾವು ನಮ್ಮ ನೀರಿಗೂ ತಂದಷ್ಟು ಈ ಮೀನಿಗೆ ದಾರಿ ಸುಗಮವಾಗುತ್ತದೆ.

ಕಳೆದುಕೊಳ್ಳಲು ನಮ್ಮ ಬಳಿ ಏನಿದೆ ಎಂಬುದನ್ನೂ ನೆನೆಯೋಣ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನುಗಳನ್ನು ಅರಿಯದ ಮಲೆನಾಡಿಗರಿಲ್ಲ. ಅವು ಬರುವುದು ಮೊಟ್ಟೆಯಿಡಲು. ಕಲ್ಲಿಗೆ ಎದೆಯನ್ನು ಒತ್ತಿ ಹಿಡಿದು ಸೆಳವನ್ನು ತಾಳುವ ಸಣ್ಣ ಮೀಸೆಮೀನುಗಳು, ಬೆರಳಿನಷ್ಟೂ ಇಲ್ಲದ ಕಲ್ಲುಸಂದಿಯ ಮೀನುಗಳು ಪಶ್ಚಿಮ ಘಟ್ಟದ ತೊರೆಗಳನ್ನು ಬಿಟ್ಟು ಲೋಕದ ಬೇರೆಲ್ಲಿಯೂ ಇಲ್ಲ. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನ ಕಡೆ ಹರಿಯುವ ಚಂದ್ರಗಿರಿ ಹೊಳೆಯಲ್ಲಿ ಕೆಂಪು ಗೀರಿನ ಡೆನಿಸನ್ ಬಾರ್ಬ್ ಎಂಬ ಸುಂದರ ಮೀನಿದೆ. ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಅದನ್ನು ಲೆಕ್ಕವಿಲ್ಲದೆ ಹಿಡಿದು ವಿದೇಶಕ್ಕೆ ಸಾಗಿಸಿದ್ದರಿಂದ ಅದು ಅಪಾಯದಂಚಿಗೆ ಬಂದಿದೆ. ಒಂದೇ ವ್ಯಾಪಾರ ನಮ್ಮ ತೊರೆಯ ಮೀನನ್ನು ಪರದೇಶದ ತೊಟ್ಟಿಗೆ ಒಯ್ಯುತ್ತಿದೆ, ಪರದೇಶದ ತೊರೆಯ ಮೀನನ್ನು ನಮ್ಮ ಕೆರೆಗೆ ತರುತ್ತಿದೆ.

ಇನ್ನೊಂದು ಮಾತು. ಬೆಂಗಳೂರಿನ ಗಾಜಿನ ತೊಟ್ಟಿಗಳಲ್ಲಿರುವ ನೀರಿನಲ್ಲಿ ಮಲೆನಾಡಿನ ಮಳೆಯ ಪಾಲೂ ಇದೆ. ಕೊಡಗಿನಲ್ಲಿ ಬಿದ್ದ ನೀರನ್ನು ಕಾವೇರಿಯಿಂದ ಎತ್ತಿ ಬೆಂಗಳೂರಿಗೆ ಪಂಪು ಮಾಡಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ 5ನೇ ಹಂತ ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರೊಯ್ಯುವ ಯೋಜನೆ. ಅದೇ ವರ್ಷ ಸಕಲೇಶಪುರದ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಮೊದಲ ಹಂತವೂ ಉದ್ಘಾಟನೆಯಾಯಿತು. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆ ಎದ್ದು ನಿಂತಿತು. ನೀರು ಒಯ್ಯುವ ನಗರ ಅದನ್ನು ಶುದ್ಧಗೊಳಿಸದೆ ಕೆರೆಗೆ ಬಿಟ್ಟರೆ, ನಮ್ಮ ತೊರೆಯ ನೀರೇ ಅನ್ಯ ಜೀವಿಗಳಿಗೆ ನೆಲೆ ಕಟ್ಟಿಕೊಡುತ್ತದೆ. ಈ ಲೆಕ್ಕವನ್ನು ಕೇಳುವ ಹಕ್ಕು ಮಲೆನಾಡಿಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಒಣಗಿದ ಕೆರೆಗಳನ್ನು ತುಂಬಿಸುತ್ತಿದೆ. ಬರಗಾಲದ ಜಿಲ್ಲೆಗೆ ನೀರು ಬೇಕೇಬೇಕು. ಆದರೆ ಒಮ್ಮೆಯೂ ಒಣಗದ ಕೆರೆಗಳಲ್ಲಿ ಯಾವ ಮೀನು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ವರ್ಷವರ್ಷವೂ ನೋಡುವ ವ್ಯವಸ್ಥೆಯೂ ಅಷ್ಟೇ ಬೇಕು.

ಕೇಳಿಬರುವ ಎರಡು ವಾದಗಳು

‘ಈ ಮೀನು ಪಾಚಿ ತಿಂದು ಕೆರೆಯನ್ನು ಶುದ್ಧಗೊಳಿಸುತ್ತದೆ, ಬಿಟ್ಟರೆ ಒಳ್ಳೆಯದೇ’ ಎಂಬುದು ಮೊದಲನೆಯದು. ಪಾಚಿ ಬೆಳೆಯುವುದು ಕೊಳಚೆಯ ಪೋಷಕಾಂಶಗಳಿಂದ. ಮೀನು ಪಾಚಿಯನ್ನು ತಿಂದು ಅವುಗಳಲ್ಲಿ ಬಹುಭಾಗವನ್ನು ಹಿಕ್ಕೆಯ ರೂಪದಲ್ಲಿ ಅದೇ ನೀರಿಗೆ ಮರಳಿ ಬಿಡುತ್ತದೆ. ಮೇಲಾಗಿ ತಳದ ಕೆಸರನ್ನು ಕದಡುತ್ತದೆ. ಚರಂಡಿಯನ್ನು ತಡೆಯದೆ ಮೀನನ್ನು ಬಿಟ್ಟು ಕೆರೆ ಶುದ್ಧವಾಗುತ್ತದೆಂದು ನಂಬುವುದು, ಮನೆಗೆ ನೀರು ಸೋರುತ್ತಿರುವಾಗ ಹಂಚನ್ನು ಸರಿಪಡಿಸದೆ ನೆಲವನ್ನು ಒರೆಸುತ್ತಾ ಕೂತಂತೆ.

‘ಜೀವದಯೆ ಬೇಡವೇ?’ ಎಂಬುದು ಎರಡನೆಯದು. ಇದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಶೃಂಗೇರಿ, ಶಿಶಿಲ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಗಳಲ್ಲಿ ದೇವರ ಮೀನುಗಳನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ನಾಡು ನಮ್ಮದು. ಆ ಮಡುಗಳಲ್ಲಿ ಜನರು ಮಾಡಿದ ಪುಣ್ಯದ ಕೆಲಸ, ಅಲ್ಲಿ ಇರುವ ಮೀನನ್ನು ಹಿಡಿಯದೆ ಇದ್ದದ್ದು. ತೊಟ್ಟಿಯ ಮೀನನ್ನು ಹೊಳೆಗೆ ಬಿಟ್ಟವನ ದಯೆ ಒಂದು ಜೀವಕ್ಕೆ ಸಲ್ಲಬಹುದು. ಅದರ ಬೆಲೆಯನ್ನು ಹೊಳೆಯ ನೂರಾರು ಜೀವಗಳು ತೆರುತ್ತವೆ. ದಯೆಯಿದ್ದವರು ಆ ಮೀನನ್ನು ಮೊದಲೇ ಕೊಳ್ಳದಿರಬೇಕು; ಕೊಂಡಿದ್ದರೆ ಅದು ಇರುವಷ್ಟು ಕಾಲ ಸಾಕಬೇಕು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಅಂಗಡಿಯಿಂದ ತಂದ ಯಾವ ಮೀನನ್ನೂ, ಆಮೆಯನ್ನೂ, ತೊಟ್ಟಿಯ ಗಿಡವನ್ನೂ ಕೆರೆ, ಬಾವಿ, ಹೊಳೆ, ದೇವರ ಮಡುಗಳಿಗೆ ಬಿಡಬಾರದು. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೇ ದೊಡ್ಡ ತೊಟ್ಟಿಯಿರುವ ಬೇರೆಯವರಿಗೆ ಕೊಡಬೇಕು. ನಗರದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ಈ ಒಂದು ಮಾತನ್ನು ತಿಳಿಸುವುದು ನಮ್ಮೆಲ್ಲರಿಂದ ಆಗುವ ಕೆಲಸ.

ಎರಡನೆಯದಾಗಿ, ವಿದ್ಯಾರ್ಥಿ ಮಿತ್ರರು ತಮ್ಮೂರಿನ ನೀರಿನಲ್ಲಿ ಯಾವ ಮೀನುಗಳಿವೆ ಎಂಬ ಪಟ್ಟಿಯನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ಪುಸ್ತಕದಲ್ಲಿ ಮೀನಿನ ಪುಟ ಖಾಲಿಯಿದ್ದರೆ, ನಾಳೆ ಒಂದು ಮೀನು ಕಾಣೆಯಾದರೂ ಯಾರಿಗೂ ತಿಳಿಯದು. ಕವಚದ ಮೀನು ಬಲೆಗೋ ಕೂಳಿಗೋ ಬಿದ್ದರೆ ಮರಳಿ ನೀರಿಗೆ ಬಿಡದೆ, ಫೋಟೋ ತೆಗೆದು, ದಿನಾಂಕ ಮತ್ತು ಸ್ಥಳ ಬರೆದು ಸಮಿತಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಬಾಯಿ ಕೆಳಗಿರುವ, ಕಲ್ಲಿಗೆ ಅಂಟುವ ಮೀನೆಲ್ಲ ಪರದೇಶಿಯಲ್ಲ. ನಮ್ಮ ತೊರೆಗಳಲ್ಲಿ ಅಂತಹ ನಾಡಮೀನುಗಳು ಹಲವಿವೆ. ಮೈಮೇಲೆ ಒರಟಾದ ಎಲುಬಿನ ಬಿಲ್ಲೆಗಳ ಸಾಲು, ಬೆನ್ನ ಮೇಲೆ ಎತ್ತರದ ಹಾಯಿ ಇವೆರಡೂ ಇದ್ದರೆ ಮಾತ್ರ ಅದು ಸಕ್ಕರ್ ಮೀನು.

ಮೂರನೆಯದಾಗಿ, ಕೆರೆಗೆ ಮೀನುಮರಿ ಬಿಡುವ ಮೊದಲು ಮರಿಗಳ ಜೊತೆ ಬೇರೇನೂ ಬೆರೆತು ಬಂದಿಲ್ಲವೆಂದು ನೋಡಿಕೊಳ್ಳಬೇಕು. ಊರ ಕೆರೆಯನ್ನು ಬೇಸಿಗೆಯಲ್ಲಿ ಬಸಿದು ಹೂಳೆತ್ತುವ ಹಳೆಯ ರೂಢಿಯನ್ನು ಆದಷ್ಟೂ ಉಳಿಸಿಕೊಳ್ಳಬೇಕು. ಪಟ್ಟಣದ ಚರಂಡಿ ಹೊಳೆಗೆ ಸೇರುವುದನ್ನು ಗ್ರಾಮಸಭೆಯಲ್ಲಿಯೂ ಪಟ್ಟಣ ಪಂಚಾಯತಿಯಲ್ಲಿಯೂ ಪ್ರಶ್ನಿಸಬೇಕು.

ನಾಲ್ಕನೆಯದು ಸರಕಾರದ ಪಾಲಿನ ಕೆಲಸ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯ 62ಎ ವಿಧಿಯು, ಆಕ್ರಮಣಕಾರಿ ಅನ್ಯಜೀವಿಗಳ ಆಮದು, ವ್ಯಾಪಾರ, ಸಾಕಣೆ, ಹರಡುವಿಕೆಗಳನ್ನು ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಸಕ್ಕರ್ ಮೀನಿನ ವಿಷಯದಲ್ಲಿ ಆ ಅಧಿಕಾರವನ್ನು ಬಳಸಬೇಕೆಂದು ನಾವು ಒತ್ತಾಯಿಸಬೇಕು. ಅಂಗಡಿಯ ಪ್ರತಿ ತೊಟ್ಟಿಯ ಮೇಲೂ ಈ ಮೀನು ಎಷ್ಟು ಉದ್ದ ಬೆಳೆಯುತ್ತದೆ, ಇದನ್ನು ಹೊರಗಿನ ನೀರಿಗೆ ಬಿಡಬಾರದೇಕೆ ಎಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸುವಂತೆ ಮಾಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಒಮ್ಮೆ ನೆಲೆಯೂರಿದ ಜಲಚರವನ್ನು ಪೂರ್ತಿಯಾಗಿ ಹೊರಹಾಕುವುದು ದೊಡ್ಡ ಕೆರೆ ನದಿಗಳಲ್ಲಿ ಅಸಾಧ್ಯಕ್ಕೆ ಸಮಾನವಾದ ಕೆಲಸ. ಲಂಟಾನವನ್ನು ಕಡಿದು ಕಡಿದು ಸೋತ ನಾವು ಇದನ್ನು ಅನುಭವದಿಂದ ಬಲ್ಲೆವು. ಬೆಂಗಳೂರಿನ ಹೊರವಲಯದ ಕೆರೆಗಳಲ್ಲಿ ಆ ಕಾಲ ಮೀರಿರಬಹುದು. ನಮ್ಮ ಹಳ್ಳ, ಹೊಳೆ, ತೋಟದ ಕೆರೆಗಳಲ್ಲಿ ತಡೆಯುವ ಕಾಲ ಇನ್ನೂ ಕೈಯಲ್ಲಿದೆ. ಈ ಮಳೆಗಾಲದಲ್ಲಿ ಹತ್ತುಮೀನು ಏರುವ ಹೊತ್ತಿಗೆ ಪ್ರತಿ ಊರಿನ ಶಾಲೆಯೂ ತನ್ನ ಹಳ್ಳದ ಮೀನುಗಳ ಪಟ್ಟಿಯನ್ನು ಬರೆಯಲು ಆರಂಭಿಸಲಿ. ಬರೆದ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯತಿಗೆ ಕೊಟ್ಟು ಸಹಿ ಪಡೆದುಕೊಳ್ಳಲಿ.